ದೂರಿನ ಎಲ್ಲೆ: ಕಾಫಿ ತೋಟದ ಕೆಲಸಗಾರನ ಅಂಗವೈಕಲ್ಯವೂ ಶಾಸನದ ಇತಿಹಾಸವೂ

೧

ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ಹೋಗುವ ಹಾದಿಯಲ್ಲಿರುವ ವಸ್ತಾರೆ ಹೋಬಳಿಯೂ ಅದರ ಆಚೆಗಿರುವ ಮೂಡಿಗೆರೆ, ಕಳಸ ಸೀಮೆಗಳೂ ಕಾಫಿಯ ಬೆಳೆಯಿಂದ ಹೆಸರಾದ ನೆಲ. ಈ ನೆಲದ ಚರಿತ್ರೆಯನ್ನು ಬರೆದವರು ಬಾಬಾಬುಡನ್ನರ ಐತಿಹ್ಯವನ್ನೂ, ೧೯ನೆಯ ಶತಮಾನದ ಯೂರೋಪಿಯನ್ ತೋಟಗಾರರ ಸಾಹಸವನ್ನೂ, ಕಾಫಿಯ ಬೆಲೆಯ ಏರಿಳಿತವನ್ನೂ ತಕ್ಕಮಟ್ಟಿಗೆ ವಿವರಿಸಿರುತ್ತಾರೆ. ತೋಟದಲ್ಲಿ ದುಡಿದು ಕೈಯನ್ನೋ ಕಾಲನ್ನೋ ಕಣ್ಣನ್ನೋ ಕಳೆದುಕೊಂಡವನು ಯಾರ ಬಳಿಗೆ ಹೋಗಿ ಏನೆಂದು ಹೇಳಿಕೊಳ್ಳಬಹುದಾಗಿತ್ತು ಎಂಬ ಪ್ರಶ್ನೆಗೆ ಅಷ್ಟು ಗಮನ ದೊರೆತಿಲ್ಲ. ಪ್ರಕೃತ ಲೇಖನದಲ್ಲಿ ನಾವು ಈ ಪ್ರಶ್ನೆಯನ್ನು ಪರಿಶೀಲಿಸಲು ಉದ್ದೇಶಿಸಿದ್ದೇವೆ.

ದೂರು ಎಂದರೆ ಕೇವಲ ಸಂಕಟದ ಉದ್ಗಾರವಲ್ಲ. ಸಂಕಟವನ್ನು ಕೇಳಲು ಅಧಿಕಾರವುಳ್ಳವನೊಬ್ಬನು ಇರಬೇಕು. ಕೇಳಬೇಕಾದದ್ದು ಎಷ್ಟು, ಕೇಳಬೇಕಾಗಿಲ್ಲದ್ದು ಎಷ್ಟು ಎಂಬುದು ಮೊದಲೇ ಗೊತ್ತಾಗಿರಬೇಕು. ಈ ಎರಡನೆಯದನ್ನೇ ನಾವು ದೂರಿನ ಎಲ್ಲೆ ಎಂದು ಕರೆಯುತ್ತೇವೆ. ಐದು ಪ್ರಶ್ನೆಗಳಿಂದ ಈ ಎಲ್ಲೆ ನಿರ್ಧಾರವಾಗುತ್ತದೆ: ದೂರುವವನು ಯಾರು? ಯಾರ ಮೇಲೆ ದೂರುತ್ತಾನೆ? ನಡೆದದ್ದು ಎಲ್ಲಿ? ನಡೆದದ್ದು ಯಾವಾಗ? ದೂರಲಾಗುವ ಸಂಗತಿ ಯಾವುದು? ಈ ಐದಕ್ಕೂ ಬೇರೆ ಬೇರೆ ಕಾಲದ ಶಾಸನಗಳು ಬೇರೆ ಬೇರೆ ಉತ್ತರಗಳನ್ನು ಕೊಟ್ಟಿವೆ. ಆ ಉತ್ತರಗಳನ್ನು ಕ್ರಮವಾಗಿ ಇಟ್ಟು ನೋಡಿದರೆ, ಕೆಲಸಗಾರನ ದೇಹವನ್ನು ಸಮಾಜವು ಯಾವ ಯಾವ ಕಾಲದಲ್ಲಿ ಏನೆಂದು ಎಣಿಸಿತ್ತೆಂಬುದೂ ತಿಳಿದುಬರುತ್ತದೆ.

೨

ಮೊದಲಿಗೆ ಕೆಲಸದ ಸ್ವರೂಪವನ್ನು ತಿಳಿಯುವುದು ಅವಶ್ಯಕ. ಕಾಫಿ ತೋಟದ ಕೆಲಸ ಋತುವನ್ನು ಅನುಸರಿಸಿದ್ದು. ನವೆಂಬರಿನಿಂದ ಫೆಬ್ರವರಿಯವರೆಗೆ ಹಣ್ಣಿನ ಕುಯ್ಲು, ಅದರ ಬೆನ್ನಿಗೇ ಮೆಣಸಿನ ಕುಯ್ಲು, ಮಾರ್ಚಿ, ಏಪ್ರಿಲ್ ತಿಂಗಳುಗಳ ಹೂಮಳೆಯಾದ ಮೇಲೆ ಗಿಡದ ಆರೈಕೆ, ಮುಂಗಾರಿನ ಹೊತ್ತಿಗೆ ನೆರಳುಮರಗಳ ಕೊಂಬೆ ಕಡಿಯುವ ಮರಗಸಿ, ಬೋರ್ಡೋ ದ್ರಾವಣದ ಸಿಂಪಡಿಕೆ, ಕಳೆ ತೆಗೆಯುವುದು. ಇವುಗಳಲ್ಲಿ ಮರಗಸಿಯೂ ಮೆಣಸಿನ ಕುಯ್ಲೂ ಎತ್ತರದ ಕೆಲಸಗಳು. ಜಾರುವ ಮರವನ್ನು ಕತ್ತಿ ಹಿಡಿದು ಏರುವವನಿಗೂ, ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿಯ ತುದಿಯಲ್ಲಿ ನಿಂತು ಮೆಣಸು ಬಿಡಿಸುವವನಿಗೂ ಬೀಳುವ ಭಯ ನಿತ್ಯದ್ದು. ಬಿದಿರಿನ ಏಣಿಯ ಬದಲಿಗೆ ಅಲ್ಯುಮಿನಿಯಂ ಏಣಿ ಬಂದ ಮೇಲೆ ವಿದ್ಯುತ್ತಿನ ತಂತಿ ತಗಲುವ ಅಪಾಯವೂ ಸೇರಿತು. ಪಲ್ಪರ್ ಯಂತ್ರಕ್ಕೆ ಬೆರಳು ಸಿಕ್ಕುವುದೂ, ಔಷಧ ಸಿಂಪಡಿಸುವಾಗ ಕಣ್ಣಿಗೂ ಶ್ವಾಸಕೋಶಕ್ಕೂ ಆಗುವ ಹಾನಿಯೂ, ಕಾಡಿನ ಅಂಚಿನಲ್ಲಿ ಆನೆಯ ತುಳಿತವೂ ಇದೇ ಸಾಲಿನವು. ಇವೆಲ್ಲಕ್ಕಿಂತ ಹಿಂದೆ, ಬಹುಕಾಲ ಈ ಸೀಮೆಯನ್ನು ಆಳಿದ್ದು ಮಲೇರಿಯ. ಮಲೆನಾಡಿನ ಚಳಿಜ್ವರವು ಕೂಲಿಯವನನ್ನು ಕೊಲ್ಲದೆ ಬಿಟ್ಟಾಗಲೂ ಅವನ ಶಕ್ತಿಯನ್ನು ವರ್ಷದಿಂದ ವರ್ಷಕ್ಕೆ ಹೀರುತ್ತಿತ್ತು.

ಕೆಲಸಗಾರರಲ್ಲಿ ಸ್ಥಳೀಯರೂ ಇದ್ದರು, ಘಟ್ಟದ ಕೆಳಗಿನ ತುಳುನಾಡಿನಿಂದ ಹತ್ತಿ ಬಂದವರೂ ಇದ್ದರು, ತಮಿಳು ಸೀಮೆಯವರೂ ಇದ್ದರು. ಈಚಿನ ವರ್ಷಗಳಲ್ಲಿ ಅಸ್ಸಾಂ, ಬಂಗಾಳಗಳಿಂದ ಬಂದವರೂ ಸೇರಿದ್ದಾರೆ. ಹೊರಗಿನವರನ್ನು ಕರೆತರುತ್ತಿದ್ದವನು ಮೇಸ್ತ್ರಿ. ತೋಟಗಾರನು ಮೇಸ್ತ್ರಿಗೆ ಮುಂಗಡ ಕೊಡುವುದು, ಮೇಸ್ತ್ರಿಯು ಕೂಲಿಯವರಿಗೆ ಹಂಚುವುದು, ಆ ಋಣವು ದುಡಿಮೆಯಲ್ಲಿ ತೀರುವುದು, ಇಲ್ಲವೆ ತೀರದೆ ಉಳಿಯುವುದು: ಇದೇ ಪದ್ಧತಿ. ಒಡೆಯನಿಗೂ ದುಡಿಯುವವನಿಗೂ ನಡುವೆ ನಿಂತ ಈ ಮೇಸ್ತ್ರಿಯ ದೆಸೆಯಿಂದ, ಯಾರ ಮೇಲೆ ದೂರು ಎಂಬ ಪ್ರಶ್ನೆ ಆರಂಭದಿಂದಲೇ ಮಸುಕಾಗಿತ್ತೆಂಬುದನ್ನು ಗಮನಿಸಬೇಕು.

೩

ಈ ಸೀಮೆಯ ಕೂಲಿಯವನ ಬಾಳಿಗೆ ತಾಗಿದ ಮೊದಲ ಮುಖ್ಯ ಕಾರ್ಮಿಕ ಶಾಸನವು ಕೂಲಿಯವನ ದೂರನ್ನು ಕೇಳುವುದಕ್ಕಾಗಿ ಹುಟ್ಟಿದ್ದಲ್ಲ. ಒಡೆಯನ ದೂರನ್ನು ಕೇಳುವುದಕ್ಕಾಗಿ ಹುಟ್ಟಿದ್ದು. ೧೮೫೯ನೆಯ ಇಸವಿಯ ೧೩ನೆಯ ಕಾಯಿದೆಯು ಮುಂಗಡ ಪಡೆದು ಕೆಲಸ ಮಾಡದ ಕುಶಲಕರ್ಮಿ, ಕೂಲಿಗಳನ್ನು ಮ್ಯಾಜಿಸ್ಟ್ರೇಟನ ಮುಂದೆ ನಿಲ್ಲಿಸುವ ಅಧಿಕಾರವನ್ನು ಒಡೆಯನಿಗೆ ಕೊಟ್ಟಿತು. ಮುಂಗಡವನ್ನು ಮರಳಿಸಬೇಕು, ಇಲ್ಲವೆ ಒಪ್ಪಂದದ ಕೆಲಸವನ್ನು ಮಾಡಬೇಕು. ಎರಡೂ ಆಗದಿದ್ದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಮೈಸೂರು ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಮೈಸೂರು, ಕೊಡಗು ಸೀಮೆಗಳ ಕಾಫಿ ತೋಟಗಾರರು ಈ ಕಾಯಿದೆಯನ್ನು ಆಶ್ರಯಿಸಿದರು.

ಇಲ್ಲಿ ನಮ್ಮ ವಿಷಯಕ್ಕೆ ಬೇಕಾದ ಮಾತೊಂದಿದೆ. ಈ ಕಾಯಿದೆಯಲ್ಲಿ ಅಪರಾಧವಾಗುವುದು ನ್ಯಾಯಸಮ್ಮತವಾದ ಅಥವಾ ಯುಕ್ತವಾದ ಕಾರಣವಿಲ್ಲದೆ ಬೇಕೆಂದೇ ಕೆಲಸ ಬಿಟ್ಟಾಗ ಮಾತ್ರ. ಹಾಗಾದರೆ ಜ್ವರದಿಂದ ಮಲಗಿದವನೂ ಮರದಿಂದ ಬಿದ್ದು ಕಾಲು ಮುರಿದುಕೊಂಡವನೂ ತಪ್ಪಿತಸ್ಥರಲ್ಲ. ಆದರೆ ಅವರ ದೇಹದ ಸ್ಥಿತಿಯು ನ್ಯಾಯಸ್ಥಾನವನ್ನು ಪ್ರವೇಶಿಸಿದ್ದು ಒಂದು ನೆಪವಾಗಿ, ಶಿಕ್ಷೆಯಿಂದ ತಪ್ಪಿಸಿಕೊಳ್ಳಲು ಹೇಳಬಹುದಾದ ಸಮಾಧಾನವಾಗಿ. ಕಾಲು ಮುರಿದದ್ದಕ್ಕೆ ಯಾರು ಹೊಣೆ ಎಂಬುದು ಆ ವಿಚಾರಣೆಯ ಎಲ್ಲೆಯೊಳಗೆ ಬರುವಂತೆಯೇ ಇರಲಿಲ್ಲ. ದೂರು ಒಡೆಯನದು, ವೈಕಲ್ಯವು ಆರೋಪಿಯ ಬಾಯಲ್ಲಿ ಬರುವ ಉತ್ತರ. ಬ್ರಿಟಿಷ್ ಇಂಡಿಯದಲ್ಲಿ ಈ ಕಾಯಿದೆ ೧೯೨೫ರ ಶಾಸನದಿಂದ ರದ್ದಾಗಿ, ೧೯೨೬ರ ಏಪ್ರಿಲ್ ೧ರಿಂದ ಇಲ್ಲವಾಯಿತು. ಎಂದರೆ, ಸುಮಾರು ಎರಡು ತಲೆಮಾರುಗಳ ಕಾಲ ದೂರಿನ ಬಾಗಿಲು ಒಂದೇ ದಿಕ್ಕಿಗೆ ತೆರೆದುಕೊಂಡಿತ್ತು.

೪

ಬಾಗಿಲು ಎರಡನೆಯ ದಿಕ್ಕಿಗೆ ತೆರೆದದ್ದು ೧೯೨೩ರ ಕಾರ್ಮಿಕ ನಷ್ಟಪರಿಹಾರ ಕಾಯಿದೆಯಿಂದ. ೧೯೨೪ರ ಜುಲೈ ೧ರಿಂದ ಜಾರಿಗೆ ಬಂದ ಈ ಕಾಯಿದೆಯ ಮೂಲಸೂತ್ರವು ಇಂಗ್ಲೆಂಡಿನ ೧೮೯೭ರ ಶಾಸನದಿಂದ ಬಂದದ್ದು: ಉದ್ಯೋಗದಿಂದ ಉದ್ಭವಿಸಿ, ಉದ್ಯೋಗದ ಅವಧಿಯಲ್ಲಿ ಸಂಭವಿಸಿದ ಅಪಘಾತದಿಂದ ಆದ ದೇಹಹಾನಿಗೆ ಒಡೆಯನು ಹೊಣೆ. ಒಡೆಯನ ತಪ್ಪನ್ನು ಸಾಧಿಸಿ ತೋರಿಸಬೇಕಾದ ಭಾರ ಕೆಲಸಗಾರನ ಮೇಲಿರಲಿಲ್ಲ. ಇದು ಸಣ್ಣ ಬದಲಾವಣೆಯಲ್ಲ. ಆದರೆ ಹೊಸ ಬಾಗಿಲಿಗೂ ಅದರದೇ ಆದ ಚೌಕಟ್ಟಿತ್ತು. ಹಿಂದೆ ಹೇಳಿದ ಐದು ಪ್ರಶ್ನೆಗಳನ್ನು ಹಿಡಿದು ಆ ಚೌಕಟ್ಟನ್ನು ಅಳೆಯಬಹುದು.

ಮೊದಲನೆಯದು, ದೂರುವವನು ಯಾರು? ರೈಲ್ವೆ, ಕಾರ್ಖಾನೆ, ಗಣಿ, ಹಡಗು ಮುಂತಾದವುಗಳ ಕೆಲಸಗಾರರನ್ನು ಹೆಸರಿಸಿದ ಮೂಲ ಪಟ್ಟಿಯಲ್ಲಿ ತೋಟದ ಕೂಲಿಯವನಿರಲಿಲ್ಲ. ವ್ಹಿಟ್ಲಿಯವರ ಅಧ್ಯಕ್ಷತೆಯ ಕಾರ್ಮಿಕ ರಾಯಲ್ ಆಯೋಗವು ೧೯೩೧ರಲ್ಲಿ ವರದಿಯೊಪ್ಪಿಸಿದ ಮೇಲೆ, ೧೯೩೩ರ ತಿದ್ದುಪಡಿಯಿಂದ ಕಾಫಿ, ಚಹ, ರಬ್ಬರು, ಸಿಂಕೋನ ತೋಟಗಳವರು ಸೇರಿದರು. ಅದೂ ಹಿಂದಿನ ಹನ್ನೆರಡು ತಿಂಗಳಲ್ಲಿ ಯಾವುದಾದರೂ ಒಂದು ದಿನ ಇಪ್ಪತ್ತೈದು ಮಂದಿಯಾದರೂ ದುಡಿದ ತೋಟವಾಗಿದ್ದರೆ. ಇಪ್ಪತ್ತನಾಲ್ಕು ಮಂದಿಯ ತೋಟದಲ್ಲಿ ಬಿದ್ದವನ ಬೆನ್ನುಮೂಳೆಯೂ ಅಷ್ಟೇ ಮುರಿಯುತ್ತದೆ; ಆದರೆ ಅವನು ಈ ಪಟ್ಟಿಯ ಮೂಲಕ ದೂರುವಂತಿರಲಿಲ್ಲ. ಮೈಸೂರು ದೇಶೀಯ ಸಂಸ್ಥಾನವಾದ್ದರಿಂದ ಬ್ರಿಟಿಷ್ ಇಂಡಿಯದ ಶಾಸನಗಳು ತಾವಾಗಿಯೇ ಇಲ್ಲಿಗೆ ಅನ್ವಯಿಸುತ್ತಿರಲಿಲ್ಲವೆಂಬುದನ್ನೂ, ದೇಶವು ಗಣರಾಜ್ಯವಾದ ಮೇಲೆಯೇ ಕೇಂದ್ರ ಶಾಸನಗಳ ಹರಹು ಇಲ್ಲಿಗೂ ಬಂದಿತೆಂಬುದನ್ನೂ ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.

ಎರಡನೆಯದು, ಯಾರ ಮೇಲೆ? ಈ ವಿಷಯದಲ್ಲಿ ಕಾಯಿದೆಯ ೧೨ನೆಯ ಕಲಮು ದೂರದೃಷ್ಟಿಯುಳ್ಳದ್ದಾಗಿತ್ತು. ಒಡೆಯನು ತನ್ನ ವ್ಯವಹಾರದ ಸಹಜ ಭಾಗವಾದ ಕೆಲಸವನ್ನು ಗುತ್ತಿಗೆದಾರನಿಗೆ ವಹಿಸಿದ್ದರೂ ಪರಿಹಾರದ ಹೊಣೆಯಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ಮೇಸ್ತ್ರಿಯ ಮರೆಯಲ್ಲಿ ನಿಂತ ತೋಟಗಾರನನ್ನು ಈ ಕಲಮು ಬೆಳಕಿಗೆ ಎಳೆಯಿತು.

ಮೂರನೆಯದು, ಎಲ್ಲಿ? ಮರದ ಮೇಲಿಂದ ಬಿದ್ದರೆ ಸಂದೇಹವಿಲ್ಲ. ತೋಟಕ್ಕೆ ಬರುವ ದಾರಿಯಲ್ಲಿ ಹಳ್ಳ ದಾಟುವಾಗ ಬಿದ್ದರೆ? ಸರ್ವೋಚ್ಚ ನ್ಯಾಯಾಲಯವು ೧೯೫೮ರಲ್ಲಿ ಸೌರಾಷ್ಟ್ರದ ಉಪ್ಪಿನ ಕಾರ್ಖಾನೆಯೊಂದರ ಮೊಕದ್ದಮೆಯಲ್ಲಿ ಈ ಪ್ರಶ್ನೆಯನ್ನು ವಿವೇಚಿಸಿತು. ಉದ್ಯೋಗದ ಸ್ಥಳವನ್ನು ಕಾಲದಲ್ಲಿಯೂ ದೇಶದಲ್ಲಿಯೂ ಸ್ವಲ್ಪ ಹಿಗ್ಗಿಸಿ ಭಾವಿಸಬಹುದೆಂದು ಒಪ್ಪಿದರೂ, ಸಾರ್ವಜನಿಕ ದೋಣಿಯಲ್ಲಿ ಮುಳುಗಿದ ಕೆಲಸಗಾರರನ್ನು ಆ ಹಿಗ್ಗಿದ ಎಲ್ಲೆಯ ಹೊರಗೇ ಇರಿಸಿತು.

ನಾಲ್ಕನೆಯದು, ಯಾವಾಗ? ಮೂಲ ಕಾಯಿದೆಯಲ್ಲಿ ಹತ್ತು ದಿನಗಳಿಗಿಂತ ಹೆಚ್ಚು ಕಾಲ ಕೆಲಸ ತಪ್ಪಿಸದ ಗಾಯಕ್ಕೆ ಪರಿಹಾರವಿರಲಿಲ್ಲ. ಈ ಮಿತಿ ಮುಂದೆ ಏಳು ದಿನಕ್ಕೂ ಅನಂತರ ಮೂರು ದಿನಕ್ಕೂ ಇಳಿಯಿತು. ಕೋರಿಕೆ ಸಲ್ಲಿಸಲು ಮೊದಲು ಇದ್ದ ಅವಧಿ ಆರು ತಿಂಗಳು. ಕಾಲಕ್ರಮದಲ್ಲಿ ಅದು ಎರಡು ವರ್ಷವಾಯಿತು. ಜನವರಿಯ ಕುಯ್ಲಿನಲ್ಲಿ ಗಾಯಗೊಂಡು, ಮಳೆಗಾಲಕ್ಕೆ ಮುಂಚೆ ಘಟ್ಟ ಇಳಿದು ಊರು ಸೇರಿದ ಕೂಲಿಯವನನ್ನು ಭಾವಿಸಿಕೊಳ್ಳೋಣ. ಗಾಯ ಮಾಯುವುದೇ ಇಲ್ಲವೆಂದು ಅವನಿಗೆ ಖಚಿತವಾಗುವ ಹೊತ್ತಿಗೆ ಜುಲೈ ತಿಂಗಳು ಬಂದಿರುತ್ತದೆ; ಆರು ತಿಂಗಳು ಮುಗಿದಿರುತ್ತದೆ. ತಕ್ಕ ಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರ ಕಮಿಷನರನಿಗಿತ್ತು. ಆದರೆ ಮನ್ನಿಸಬೇಕೆಂದು ಕೇಳಲು ಮತ್ತೆ ಘಟ್ಟ ಹತ್ತಬೇಕಾಗಿತ್ತು.

ಐದನೆಯದು, ಯಾವ ಸಂಗತಿ? ಇದೇ ಮುಖ್ಯವಾದದ್ದು. ಕಾಯಿದೆಯ ಮೊದಲ ಅನುಸೂಚಿಯು ಅಂಗಾಂಗಗಳ ನಷ್ಟಕ್ಕೆ ಗಳಿಕೆಯ ಶಕ್ತಿಯ ಶೇಕಡ ಪ್ರಮಾಣಗಳನ್ನು ಗೊತ್ತುಪಡಿಸಿತು. ೧೯೨೩ರ ಪಟ್ಟಿಯಂತೆ ಮೊಣಕೈಯಿಂದ ಮೇಲಕ್ಕೆ ಬಲದೋಳು ಹೋದರೆ ಶೇಕಡ ೭೦, ಎಡದೋಳು ಹೋದರೆ ೬೦, ಒಂದು ಕಣ್ಣು ೩೦, ಹೆಬ್ಬೆರಳು ೨೫, ತೋರುಬೆರಳು ೧೦, ಬೇರೆ ಯಾವುದೇ ಬೆರಳು ೫. ಪೂರ್ಣ ಶಾಶ್ವತ ಅಸಾಮರ್ಥ್ಯಕ್ಕೆ ವಯಸ್ಕನಿಗೆ ೪೨ ತಿಂಗಳ ಕೂಲಿ ಅಥವಾ ೩,೫೦೦ ರೂಪಾಯಿ, ಇವೆರಡರಲ್ಲಿ ಯಾವುದು ಕಡಮೆಯೋ ಅದು. ರೋಗಗಳ ಪಟ್ಟಿಯಲ್ಲಿ ಸೀಸದ ವಿಷ, ರಂಜಕದ ವಿಷ ಮುಂತಾದ ಕೈಗಾರಿಕೆಯ ರೋಗಗಳಿದ್ದವು. ಮಲೆನಾಡಿನ ಕೂಲಿಯವನನ್ನು ಕಾಡಿದ ಮಲೇರಿಯ ಇರಲಿಲ್ಲ. ಹೀಗೆ ಶಾಸನವು ದೇಹಕ್ಕೆ ಒಂದು ಬೆಲೆಪಟ್ಟಿಯನ್ನು ಕಟ್ಟಿತು. ಬೆಲೆ ದೊರೆತದ್ದು ದೊಡ್ಡ ಲಾಭವೇ. ಆದರೆ ಬೆಲೆ ಕೊಟ್ಟ ಮೇಲೆ ಲೆಕ್ಕ ಮುಗಿಯಿತೆಂಬ ಭಾವನೆಯೂ ಅದರೊಡನೆ ಬಂದಿತು. ಹಣ ಪಡೆದವನನ್ನು ಮರುದಿನ ಕೆಲಸಕ್ಕೆ ಕರೆಯಬೇಕೆ? ಅವನಿಂದಾಗುವ ಬೇರೆ ಕೆಲಸವನ್ನು ಕೊಡಬೇಕೆ? ಈ ಪ್ರಶ್ನೆಗಳು ದೂರಿನ ಎಲ್ಲೆಯ ಹೊರಗಿದ್ದವು.

೫

ಸ್ವಾತಂತ್ರ್ಯದ ಮುನ್ನಾದಿನಗಳಲ್ಲಿ ಡಿ. ವಿ. ರೇಗೆಯವರು ತೋಟಗಾರಿಕೆಯ ಕಾರ್ಮಿಕರ ಸ್ಥಿತಿಗತಿಗಳ ಬಗ್ಗೆ ವಿಚಾರಣೆ ನಡೆಸಿ ೧೯೪೬ರಲ್ಲಿ ವರದಿಯನ್ನಿತ್ತರು. ೧೯೫೧ರಲ್ಲಿ ತೋಟ ಕಾರ್ಮಿಕರ ಕಾಯಿದೆ ಅಂಗೀಕೃತವಾಗಿ ೧೯೫೪ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಇದರಲ್ಲಿ ಮನೆ, ಕುಡಿಯುವ ನೀರು, ವೈದ್ಯಕೀಯ ಸೌಕರ್ಯ, ಶಿಶುವಿಹಾರ, ಕಾಯಿಲೆಯ ಕಾಲದ ಭತ್ಯ ಇವೆಲ್ಲ ಒಡೆಯನ ಕರ್ತವ್ಯಗಳಾದವು. ಗಾಯದಿಂದಲೇ ಆಗಲಿ ಜ್ವರದಿಂದಲೇ ಆಗಲಿ ವೈದ್ಯನ ಪ್ರಮಾಣಪತ್ರವುಳ್ಳ ಅಸ್ವಸ್ಥತೆಗೆ ಭತ್ಯ ದೊರೆಯುವಂತಾಯಿತು. ೧೯೨೩ರ ಪಟ್ಟಿಯಿಂದ ಹೊರಗುಳಿದಿದ್ದ ಮಲೇರಿಯ ಈ ದಾರಿಯಿಂದ ಒಳಗೆ ಬಂದಿತು.

ಆದರೆ ಇಲ್ಲಿಯೂ ಅಳತೆಯ ಗಡಿಯುಂಟು. ಮೂಲ ಕಾಯಿದೆಯು ೨೫ ಎಕರೆ ಅಥವಾ ಅದಕ್ಕೆ ಮೇಲ್ಪಟ್ಟ, ಮೂವತ್ತು ಅಥವಾ ಹೆಚ್ಚು ಮಂದಿ ದುಡಿಯುವ ತೋಟಗಳಿಗೆ ಸಂಬಂಧಿಸಿತ್ತು. ೧೯೮೧ರ ತಿದ್ದುಪಡಿಯಿಂದ, ೧೯೮೨ರ ಜನವರಿ ೨೬ರಿಂದ, ಈ ಗಡಿ ಐದು ಹೆಕ್ಟೇರಿಗೂ ಹದಿನೈದು ಮಂದಿಗೂ ಇಳಿಯಿತು. ಭಾರತದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಹತ್ತು ಹೆಕ್ಟೇರಿಗೂ ಕಡಮೆಯಾದವು. ಐದು ಹೆಕ್ಟೇರಿಗೂ ಚಿಕ್ಕವಾದವು ಅವುಗಳಲ್ಲಿ ಹೇರಳ. ವಸ್ತಾರೆಯ ಸುತ್ತಲಿನ ಚಿಕ್ಕ ಬೆಳೆಗಾರನ ತೋಟದಲ್ಲಿ ಒಂದು ವಾರ, ಪಕ್ಕದ ಕಂಪನಿ ತೋಟದಲ್ಲಿ ಇನ್ನೊಂದು ವಾರ ದುಡಿಯುವ ಕೂಲಿಯವನು ಬೇಲಿ ದಾಟಿದೊಡನೆ ಕಾಯಿದೆಯ ಒಳಗಿನಿಂದ ಹೊರಕ್ಕೂ ಹೊರಗಿನಿಂದ ಒಳಕ್ಕೂ ಬಂದು ಹೋಗುತ್ತಿದ್ದನು.

ಅದೇ ೧೯೮೧ರ ತಿದ್ದುಪಡಿಯಲ್ಲಿ ಸ್ಥಳದ ಎಲ್ಲೆಯೂ ವಿಸ್ತಾರವಾಯಿತು. ಒಡೆಯನು ಕೊಟ್ಟ ಲೈನು ಮನೆ ಕುಸಿದು ಕೆಲಸಗಾರನಿಗಾಗಲಿ ಅವನ ಕುಟುಂಬದವರಿಗಾಗಲಿ ಸಾವು ನೋವಾದರೆ ಒಡೆಯನು ಪರಿಹಾರಕ್ಕೆ ಹೊಣೆಯಾದನು. ಕೆಲಸದ ವೇಳೆಯಲ್ಲದ ನಡುರಾತ್ರಿಯಲ್ಲಿ, ತೋಟದ ಗಿಡಗಳ ನಡುವೆಯಲ್ಲದೆ ಮಲಗುವ ಕೋಣೆಯಲ್ಲಿ ಆದ ಹಾನಿಯೂ, ಕೆಲಸಗಾರನಲ್ಲದ ಮಗುವಿಗೆ ಆದ ಹಾನಿಯೂ ದೂರಿಗೆ ಅರ್ಹವಾಯಿತು. ತೋಟದಲ್ಲಿ ಬದುಕೂ ದುಡಿಮೆಯೂ ಒಂದೇ ನೆಲದ ಮೇಲೆ ಹೆಣೆದುಕೊಂಡಿವೆಯೆಂಬ ಸತ್ಯವನ್ನು ಶಾಸನವು ಒಪ್ಪಿಕೊಂಡ ಸಂದರ್ಭವಿದು.

೬

ಇಲ್ಲಿಯವರೆಗೆ ನಾವು ನೋಡಿದ್ದು ಹಾನಿಯ ದೂರು, ಅಭಾವದ ದೂರು. ಭೇದಭಾವದ ದೂರು ಇವೆರಡಕ್ಕಿಂತ ಬೇರೆಯದು. ಒಬ್ಬನಿಗೆ ಗಾಯವಾದದ್ದು ಅದರಲ್ಲಿ ಮುಖ್ಯವಲ್ಲ. ಗಾಯವಾದವನೆಂಬ ಕಾರಣಕ್ಕೆ, ಅಥವಾ ಹುಟ್ಟಿನಿಂದಲೇ ಕುಂಟನೆಂಬ, ಕಿವುಡನೆಂಬ ಕಾರಣಕ್ಕೆ ಅವನನ್ನು ಬೇರೆಯಾಗಿ ಕಂಡದ್ದು ಮುಖ್ಯ. ಈ ಭಾವನೆ ನಮ್ಮ ಶಾಸನಕ್ಕೆ ಬಂದದ್ದು ತಡವಾಗಿ. ಅಮೆರಿಕದಲ್ಲಿ ೧೯೯೦ರಲ್ಲಿ ಅಂಗವಿಕಲರ ಕಾಯಿದೆ ಅಂಗೀಕೃತವಾಯಿತು. ಭಾರತದಲ್ಲಿ ೧೯೯೫ರ ಅಂಗವಿಕಲ ವ್ಯಕ್ತಿಗಳ ಕಾಯಿದೆ ೧೯೯೬ರ ಫೆಬ್ರವರಿ ೭ರಿಂದ ಜಾರಿಗೆ ಬಂದಿತು. ಅದರ ೪೭ನೆಯ ಕಲಮಿನಂತೆ, ಸೇವೆಯಲ್ಲಿರುವಾಗ ವೈಕಲ್ಯಕ್ಕೆ ಒಳಗಾದ ನೌಕರನನ್ನು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆಯಿಂದ ಇಳಿಸುವಂತಿಲ್ಲ. ಮೊದಲಿನ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆಗೆ ವರ್ಗಾಯಿಸಬೇಕು. ಕಾಲು ಕಳೆದುಕೊಂಡ ಕಾನ್‌ಸ್ಟೇಬಲ್ ಒಬ್ಬರನ್ನು ಸೇವೆಯಿಂದ ಬಿಡಿಸಿದ್ದನ್ನು ಸರ್ವೋಚ್ಚ ನ್ಯಾಯಾಲಯವು ೨೦೦೩ರ ಕುನಾಲ್ ಸಿಂಗ್ ಮೊಕದ್ದಮೆಯಲ್ಲಿ ಈ ಕಲಮಿನ ಆಧಾರದ ಮೇಲೆಯೇ ರದ್ದುಪಡಿಸಿತು.

ಆದರೆ ಈ ಕಲಮು ಸಂಬಂಧಿಸಿದ್ದು ಸರ್ಕಾರದ, ಸರ್ಕಾರದಿಂದ ಸ್ಥಾಪಿತವಾದ ಅಥವಾ ಸರ್ಕಾರದ ನೆರವು ಪಡೆದ ಸಂಸ್ಥೆಗಳಿಗೆ ಮಾತ್ರ. ಇದರ ಫಲವನ್ನು ನಮ್ಮ ಜಿಲ್ಲೆಯಲ್ಲಿಯೇ ಕಾಣಬಹುದಾಗಿತ್ತು. ಬಾಳೆಹೊನ್ನೂರಿನ ಬಳಿ ೧೯೨೫ರಲ್ಲಿ ಆರಂಭವಾದ ಕಾಫಿ ಸಂಶೋಧನ ಕೇಂದ್ರವು ಶಾಸನಬದ್ಧವಾದ ಕಾಫಿ ಮಂಡಳಿಗೆ ಸೇರಿದ್ದು. ಅಲ್ಲಿಯ ನೌಕರನೊಬ್ಬನು ಕೈ ಕಳೆದುಕೊಂಡರೆ ೪೭ನೆಯ ಕಲಮು ಅವನಿಗೆ ರಕ್ಷೆ. ಅದೇ ಕಾಫಿಯನ್ನು ಅದೇ ವಿಧಾನದಿಂದ ಬೆಳೆಯುವ ಖಾಸಗಿ ತೋಟದಲ್ಲಿ ಅದೇ ಬಗೆಯ ಗಾಯ ಆದವನಿಗೆ ೧೯೨೩ರ ಕಾಯಿದೆಯ ಹಣವೇ ಕೊನೆ. ವಿಶೇಷವೇನೆಂದರೆ ಅಳತೆಗೋಲುಗಳೂ ಎರಡಾದವು. ೧೯೨೩ರ ಕಾಯಿದೆಯ ಶೇಕಡವು ಗಳಿಕೆಯ ಶಕ್ತಿಯ ನಷ್ಟವನ್ನು ಅಳೆಯುತ್ತದೆ. ೧೯೯೫ರ ಕಾಯಿದೆಯು ಬೇಡಿದ ಶೇಕಡ ೪೦ರ ಪ್ರಮಾಣಪತ್ರವು ದೇಹದ ಊನವನ್ನು ಅಳೆಯುತ್ತದೆ. ಈ ಎರಡನ್ನೂ ಒಂದೆಂದು ಭಾವಿಸಿ ಬರೆಯುವವರು ಉಂಟು, ಅದು ಸರಿಯಲ್ಲ.

ವಿಶ್ವಸಂಸ್ಥೆಯು ೨೦೦೬ರ ಡಿಸೆಂಬರ್ ೧೩ರಂದು ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಗೆ ಭಾರತವು ೨೦೦೭ರ ಅಕ್ಟೋಬರ್ ೧ರಂದು ಅನುಮೋದನೆ ಕೊಟ್ಟಿತು. ಅದರ ಫಲವಾಗಿ ೨೦೧೬ರಲ್ಲಿ ಹೊಸ ಕಾಯಿದೆ ಬಂದು ೨೦೧೭ರ ಏಪ್ರಿಲ್ ೧೯ರಿಂದ ಜಾರಿಯಲ್ಲಿದೆ. ವೈಕಲ್ಯದ ಬಗೆಗಳು ಏಳರಿಂದ ಇಪ್ಪತ್ತೊಂದಾದವು. ಯುಕ್ತವಾದ ಅನುಕೂಲವನ್ನು ಕಲ್ಪಿಸದಿರುವುದೂ ಭೇದಭಾವವೇ ಎಂದು ಕಾಯಿದೆಯು ಸ್ಪಷ್ಟವಾಗಿ ಹೇಳಿತು. ಇದರ ಅರ್ಥ ಗಹನವಾದದ್ದು. ಮರ ಹತ್ತಲಾರದವನಿಗೆ ನರ್ಸರಿಯಲ್ಲಿ ಸಸಿ ನೋಡಿಕೊಳ್ಳುವ ಕೆಲಸವನ್ನೋ ಕಣದಲ್ಲಿ ಹಣ್ಣು ಒಣಗಿಸುವ ಕೆಲಸವನ್ನೋ ಕೊಡಲು ಸಾಧ್ಯವಿದ್ದೂ ಕೊಡದಿದ್ದರೆ, ಒಡೆಯನು ಏನನ್ನೂ ಮಾಡದೆ ಇದ್ದದ್ದೇ ದೂರಿಗೆ ವಿಷಯವಾಗಬಲ್ಲದು. ಮಾಡಿದ ತಪ್ಪಿನಿಂದ ಮಾಡದ ತಪ್ಪಿಗೂ ಎಲ್ಲೆ ಹರಡಿತು.

ಹಾಗೆಂದು ದಾರಿ ಸರಳವಾಯಿತೆಂದು ತಿಳಿಯಬಾರದು. ಸಮಾನ ಅವಕಾಶದ ನೀತಿಯನ್ನು ಪ್ರಕಟಿಸುವ ಕರ್ತವ್ಯ ಖಾಸಗಿ ಸಂಸ್ಥೆಗಳಿಗೂ ಇದೆ. ಆದರೆ ಉದ್ಯೋಗದಲ್ಲಿ ಭೇದಭಾವವನ್ನು ನೇರವಾಗಿ ನಿಷೇಧಿಸುವ ೨೦ನೆಯ ಕಲಮೂ, ದೂರನ್ನು ದಾಖಲು ಮಾಡಿಕೊಂಡು ಎರಡು ವಾರಗಳೊಳಗೆ ವಿಚಾರಿಸಬೇಕಾದ ಅಧಿಕಾರಿಯನ್ನು ನೇಮಿಸಬೇಕೆನ್ನುವ ೨೩ನೆಯ ಕಲಮೂ ಸರ್ಕಾರಿ ಸಂಸ್ಥೆಗಳನ್ನು ಕುರಿತವು. ಖಾಸಗಿ ಸಂಸ್ಥೆಯ ಲಕ್ಷಣವನ್ನು ಹೇಳುವಲ್ಲಿ ಕಂಪನಿ, ಪಾಲುದಾರಿಕೆ, ಸಹಕಾರ ಸಂಘ, ಕಾರ್ಖಾನೆ ಮುಂತಾದ ಹೆಸರುಗಳಿವೆ, ತೋಟವೆಂಬ ಹೆಸರಿಲ್ಲ. ಕಂಪನಿಯ ತೋಟವು ಕಂಪನಿಯೆಂಬ ಹೆಸರಿನಿಂದ ಒಳಗೆ ಬರುತ್ತದೆ. ಒಬ್ಬ ಸಾಹುಕಾರನ ಸ್ವಂತ ತೋಟ ಯಾವ ಹೆಸರಿನಿಂದ ಬರಬೇಕೆಂಬುದು ವಾದಕ್ಕೆ ಎಡೆಯುಳ್ಳ ವಿಷಯ. ಅಂಥ ತೋಟದವನಿಗೆ ಉಳಿದ ಮುಖ್ಯ ದಾರಿಯೆಂದರೆ ರಾಜ್ಯದ ಅಂಗವಿಕಲರ ಅಧಿನಿಯಮದ ಆಯುಕ್ತರದು. ಹಕ್ಕುಗಳಿಗೆ ಚ್ಯುತಿ ಬಂದಾಗ ತಾವಾಗಿಯೂ ವಿಚಾರಣೆ ನಡೆಸುವ ಅಧಿಕಾರ ಅವರಿಗಿದೆ.

೭

ಇನ್ನು ಶಾಸನದ ಎಲ್ಲೆಯಿಂದ ದೂರಿನ ಪತ್ರದ ಎಲ್ಲೆಗೆ ಬರೋಣ. ಒಬ್ಬನ ಸಂಕಟ ಒಂದೇ. ಅದನ್ನು ಕೇಳುವ ಕಚೇರಿಗಳು ಹಲವು. ಮರಗಸಿಯವನೊಬ್ಬನು ಬಿದ್ದು ಎಡಗೈ ಕಳೆದುಕೊಂಡನೆಂದೂ, ಆಸ್ಪತ್ರೆಯಲ್ಲಿದ್ದಾಗ ಭತ್ಯ ಬರಲಿಲ್ಲವೆಂದೂ, ಮರಳಿದಾಗ ರೈಟರನು ಹಾಜರಿ ಪುಸ್ತಕದಿಂದ ಅವನ ಹೆಸರನ್ನು ತೆಗೆದನೆಂದೂ, ಲೈನು ಮನೆ ಬಿಡಲು ಹೇಳಲಾಯಿತೆಂದೂ ಭಾವಿಸೋಣ. ಅವನ ಬಾಯಲ್ಲಿ ಇದು ಒಂದೇ ಕಥೆ. ಕಚೇರಿಯಲ್ಲಿ ಇದು ನಷ್ಟಪರಿಹಾರ, ಭತ್ಯ, ವಜಾ, ವಸತಿ, ಭೇದಭಾವ ಎಂಬ ಐದು ಕಡತಗಳು. ಅವನ ಪರವಾಗಿ ಅರ್ಜಿ ಬರೆದವನು ಕೈಯ ಸಂಗತಿಯನ್ನಷ್ಟೇ ಬರೆದಿದ್ದರೆ, ಉಳಿದದ್ದನ್ನು ಅವನು ಎಂದೂ ಹೇಳಲೇ ಇಲ್ಲವೆಂದು ತಿಳಿಯಬೇಕೆ?

ಈ ಬಗೆಯ ಪ್ರಶ್ನೆಯನ್ನು ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ೧೯೭೦ರಲ್ಲಿ ಸಾಂಚೆಜ್ ಮತ್ತು ಸ್ಟ್ಯಾಂಡರ್ಡ್ ಬ್ರಾಂಡ್ಸ್ ಮೊಕದ್ದಮೆಯಲ್ಲಿ ವಿಚಾರ ಮಾಡಿತು. ಅಲ್ಲಿ ಪ್ರಶ್ನೆ ವೈಕಲ್ಯದ್ದಲ್ಲ. ಆದರೆ ತತ್ವ ಒಂದೇ. ಮುದ್ರಿತ ನಮೂನೆಯಲ್ಲಿ ಭೇದಭಾವದ ಕಾರಣವನ್ನು ಸೂಚಿಸುವ ಚೌಕಗಳಿದ್ದವು. ದೂರುದಾರಳು ಅವುಗಳಲ್ಲಿ ಒಂದನ್ನು ಮಾತ್ರ ಗುರುತಿಸಿದ್ದಳು. ಚೌಕದ ಗುರುತು ಮುಖ್ಯವಲ್ಲ, ಹೇಳಿದ ಸಂಗತಿಗಳು ಮುಖ್ಯವೆಂದೂ, ಆ ಸಂಗತಿಗಳಿಂದ ಯುಕ್ತವಾಗಿ ಬೆಳೆಯಬಹುದಾದ ತನಿಖೆ ಎಲ್ಲಿಯವರೆಗೆ ಹೋಗುವುದೋ ಅಲ್ಲಿಯವರೆಗೆ ದೂರಿನ ವ್ಯಾಪ್ತಿಯೆಂದೂ ತೀರ್ಮಾ್ನವಾಯಿತು. ಓದು ಬರಹವಿಲ್ಲದವರಿಗೆ ಶಾಸನದ ರಕ್ಷಣೆ ದೊರೆಯಬೇಕಾದರೆ ಬೇರೆ ಮಾರ್ಗವಿಲ್ಲ.

ನಮ್ಮ ನ್ಯಾಯಾಲಯಗಳ ತೀರ್ಪುಗಳಲ್ಲಿಯೂ ಇದೇ ದಿಕ್ಕಿನ ನಡೆಯನ್ನು ಕಾಣಬಹುದು. ಒಡಿಶದ ಬಡಗಿಯೊಬ್ಬರು ಸಿನಿಮಾ ಮಂದಿರದ ಅಲಂಕಾರದ ಕೆಲಸ ಮಾಡುವಾಗ ಬಿದ್ದು ಎಡಗೈಯನ್ನು ಕಳೆದುಕೊಂಡ ಪ್ರತಾಪ್ ನಾರಾಯಣ್ ಸಿಂಗ್ ದೇವ್ ಮೊಕದ್ದಮೆಯಲ್ಲಿ, ಒಂದು ಕೈಯಿಂದ ಬಡಗಿಯ ಕೆಲಸ ಸಾಗದಾದ್ದರಿಂದ ಅದು ಪೂರ್ಣ ಅಸಾಮರ್ಥ್ಯವೇ ಎಂದು ಸರ್ವೋಚ್ಚ ನ್ಯಾಯಾಲಯವು ೧೯೭೫ರ ಡಿಸೆಂಬರಿನಲ್ಲಿ ತೀರ್ಮಾನಿಸಿತು. ಬೆಲೆಪಟ್ಟಿಯ ಶೇಕಡಕ್ಕಿಂತ ಮನುಷ್ಯನ ಕಸುಬು ದೊಡ್ಡದೆಂದು ಇದರಿಂದ ಸಿದ್ಧವಾಯಿತು. ಮರಗಸಿಯವನಿಗೂ ಈ ಮಾತು ಅನ್ವಯಿಸುವುದರಲ್ಲಿ ಸಂದೇಹವಿಲ್ಲ. ೨೦೨೧ರ ವಿಕಾಶ್ ಕುಮಾರ್ ಮೊಕದ್ದಮೆಯಲ್ಲಿ, ಯುಕ್ತ ಅನುಕೂಲದ ಹಕ್ಕನ್ನು ಶೇಕಡ ೪೦ರ ಮಿತಿಯೊಳಗೆ ಕಟ್ಟಿಹಾಕಬಾರದೆಂದು ಅದೇ ನ್ಯಾಯಾಲಯವು ಹೇಳಿತು. ಅದೇ ವರ್ಷದ ಡಿಸೆಂಬರಿನ ರವೀಂದರ್ ಕುಮಾರ್ ಧಾರಿವಾಲ್ ಮೊಕದ್ದಮೆಯಲ್ಲಿ, ವೈಕಲ್ಯವು ಒಬ್ಬನಿಗಾದ ಅನ್ಯಾಯಕ್ಕೆ ಏಕಮಾತ್ರ ಕಾರಣವಾಗಿರಬೇಕಾಗಿಲ್ಲ, ಕಾರಣಗಳಲ್ಲಿ ಒಂದಾಗಿದ್ದರೆ ಸಾಕೆಂದು ನಿರ್ಣಯವಾಯಿತು. ಕೆಲಸ ಕಡಮೆಯಿತ್ತು, ಮಳೆ ಬಂದಿತ್ತು, ಬೆಲೆ ಇಳಿದಿತ್ತು ಎಂಬ ಉತ್ತರಗಳು ನಿಜವಾಗಿದ್ದರೂ, ಹಲವರಲ್ಲಿ ಇವನನ್ನೇ ಬಿಡಿಸಲು ಇವನ ಕೈಯೂ ಒಂದು ಕಾರಣವಾಗಿತ್ತೆ ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಆದರೆ ಎಲ್ಲೆಯನ್ನು ಅಳಿಸಿಬಿಡಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಯಾವ ಸಂಗತಿಗೆ ಉತ್ತರ ಹೇಳಬೇಕೆಂಬುದು ಎದುರಾಳಿಗೆ ತಿಳಿಯದಿದ್ದರೆ ನ್ಯಾಯವೂ ಇಲ್ಲ, ವಿಚಾರಣೆಗೆ ಕೊನೆಯೂ ಇಲ್ಲ. ಚಿಕ್ಕ ಬೆಳೆಗಾರನಿಗೆ ಇದು ದೊಡ್ಡ ಭಾರವಾಗಬಹುದು. ಆದುದರಿಂದ ಎಲ್ಲೆಯನ್ನು ಗೊತ್ತುಪಡಿಸುವುದು ಅವಶ್ಯ. ಅದನ್ನು ಗೊತ್ತುಪಡಿಸುವಾಗ ನಮೂನೆಯ ಚೌಕಕ್ಕಿಂತ ನಡೆದ ಸಂಗತಿಗಳ ಸರಣಿಯನ್ನು ಪ್ರಮಾಣವಾಗಿ ಹಿಡಿಯುವುದೇ ಯುಕ್ತವೆಂದು ಮಾತ್ರ ನಾವು ಹೇಳುತ್ತೇವೆ.

೮

೨೦೨೫ರ ನವೆಂಬರ್ ೨೧ರಿಂದ ೨೦೨೦ರ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ೧೯೨೩ರ ಮತ್ತು ೧೯೫೧ರ ಕಾಯಿದೆಗಳ ಸ್ಥಾನವನ್ನು ಪಡೆದಿವೆ. ಸಾಮಾಜಿಕ ಭದ್ರತಾ ಸಂಹಿತೆಯು ಲೈನು ಮನೆಯ ಕುಸಿತದ ಹೊಣೆಯನ್ನು ಉಳಿಸಿಕೊಂಡಿದೆ. ಅಲ್ಲದೆ ಮನೆಯಿಂದ ಕೆಲಸಕ್ಕೆ ಹೋಗಿ ಬರುವ ದಾರಿಯ ಅಪಘಾತವನ್ನೂ, ಉದ್ಯೋಗದೊಡನೆ ಅದಕ್ಕೆ ಸಂಬಂಧವಿರುವುದು ಸ್ಥಿರಪಟ್ಟರೆ, ಒಳಗೆ ಸೇರಿಸಿದೆ. ಬೆಳಗಿನ ಮಂಜಿನಲ್ಲಿ ಜೀಪುಗಳಲ್ಲಿ ಕಿಕ್ಕಿರಿದು ತೋಟಕ್ಕೆ ಹೋಗುವವರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ. ೧೯೫೮ರಲ್ಲಿ ಹೊರಗುಳಿದ ದಾರಿಯು ಅರುವತ್ತೇಳು ವರ್ಷಗಳ ಅನಂತರ ಒಳಗೆ ಬಂದಿತು.

ಮೇಲ್ಕಂಡ ವಿವೇಚನೆಯಿಂದ ಮೂರು ಮಾತುಗಳು ಸಿದ್ಧವಾಗುತ್ತವೆ. ಒಂದು, ಕೆಲಸಗಾರನ ವೈಕಲ್ಯವು ಮೊದಲು ಆರೋಪಿಯ ಸಮಾಧಾನವಾಗಿತ್ತು, ಆಮೇಲೆ ಬೆಲೆಯುಳ್ಳ ನಷ್ಟವಾಯಿತು, ಆಮೇಲೆ ಆರೈಕೆಗೆ ಪಾತ್ರವಾದ ಅವಸ್ಥೆಯಾಯಿತು, ಕೊನೆಗೆ ಸಮಾನತೆಯ ಹಕ್ಕಿಗೆ ಆಧಾರವಾಯಿತು. ಎರಡು, ಹೊಸ ದೂರು ಹಳೆಯ ದೂರನ್ನು ಅಳಿಸಲಿಲ್ಲ. ಒಂದರ ಮೇಲೊಂದು ಪದರಗಳಾಗಿ ನಿಂತವು. ಮೂರು, ಪ್ರತಿಯೊಂದು ಪದರವೂ ಅಳತೆಯ ಗಡಿಯಿಂದ ಯಾರನ್ನಾದರೂ ಹೊರಗಿಟ್ಟಿತು. ಹೊರಗಿಟ್ಟವರಲ್ಲಿ ಚಿಕ್ಕ ತೋಟದ ಕೂಲಿಯವನೇ ಹೆಚ್ಚಿನ ಸಲ ಕಾಣಿಸಿಕೊಂಡನು.

ಶಾಸನದ ಗ್ರಂಥಗಳು ಒಳಗೆ ಬಂದವರ ದಾಖಲೆ. ಹೊರಗುಳಿದವರ ದಾಖಲೆಯನ್ನು ತೋಟಗಳ ಹಾಜರಿ ಪುಸ್ತಕಗಳಲ್ಲಿ ಹೆಸರೊಂದು ನಡುವೆ ನಿಂತುಹೋದ ಸಾಲುಗಳಲ್ಲಿಯೂ, ತೋಟದ ಆಸ್ಪತ್ರೆಗಳ ಪುಸ್ತಕಗಳಲ್ಲಿಯೂ, ಮೇಸ್ತ್ರಿಗಳ ಮುಂಗಡದ ಲೆಕ್ಕದಲ್ಲಿಯೂ, ವೃದ್ಧ ಕೆಲಸಗಾರರ ನೆನಪಿನಲ್ಲಿಯೂ ಹುಡುಕಬೇಕು. ಈ ಪುಸ್ತಕಗಳು ಮಲೆನಾಡಿನ ಮಳೆಗೂ ಗೆದ್ದಲಿಗೂ ಬೇಗ ತುತ್ತಾಗುವಂಥವು. ಚಿಕ್ಕಮಗಳೂರು, ಮೂಡಿಗೆರೆಗಳ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ನೆರೆಯ ತೋಟಗಳಲ್ಲಿ ಒಡೆಯರ ಅನುಮತಿ ಪಡೆದು ಅವುಗಳ ಪ್ರತಿಮಾಡುವ ಕೆಲಸವನ್ನು ಕೈಗೊಂಡರೆ, ಇಲ್ಲಿ ರೇಖೆಗಳಲ್ಲಿ ತೋರಿಸಿದ ಚರಿತ್ರೆಗೆ ಹೆಸರುಳ್ಳ ಮನುಷ್ಯರು ದೊರೆತಾರು.